ಗುರು ಗ್ರಹದ ಚಂದ್ರರಿಗೆ ಹೆಸರಿಟ್ಟ ಜಗಳ

ಬಸ್ ನಿಲ್ದಾಣಕ್ಕೋ ಸರ್ಕಲ್ಲಿಗೋ ಯಾರ ಹೆಸರಿಡಬೇಕು ಅಂತ ಊರಲ್ಲಿ ಜಗಳ ಆಗೋದನ್ನು ನಾವೆಲ್ಲ ನೋಡಿದ್ದೇವೆ. ಆಕಾಶದ ವಿಷಯಕ್ಕೂ ಅಂಥದ್ದೇ ಒಂದು ಜಗಳ ನಡೆದಿತ್ತು.

1610ರ ಜನವರಿ 7ರ ರಾತ್ರಿ ಇಟಲಿಯ ಪಡುವಾದಲ್ಲಿ ಗೆಲಿಲಿಯೋ ತಾನೇ ಮಾಡಿಕೊಂಡ ದೂರದರ್ಶಕವನ್ನು ಗುರು ಗ್ರಹದತ್ತ ತಿರುಗಿಸಿದ. ಪಕ್ಕದಲ್ಲಿ ಮೂರು ಚುಕ್ಕಿ ಕಂಡವು. ವಾರದೊಳಗೆ ನಾಲ್ಕನೆಯದೂ ಕಂಡಿತು. ದಿನಾ ಜಾಗ ಬದಲಿಸುತ್ತಿದ್ದ ಅವು ಗುರುವನ್ನೇ ಸುತ್ತುತ್ತಿದ್ದವು. ಎಲ್ಲವೂ ಭೂಮಿಯನ್ನೇ ಸುತ್ತುತ್ತವೆ ಎಂಬ ನಂಬಿಕೆಗೆ ಅದು ದೊಡ್ಡ ಪೆಟ್ಟು.

ಆಗ ಗೆಲಿಲಿಯೋದು ಮೇಷ್ಟ್ರ ಕೆಲಸ. ಟಸ್ಕನಿಯ ದೊರೆ ಎರಡನೇ ಕೊಸಿಮೊ ಮೆಡಿಚಿ ಅವನ ಹಳೆಯ ಶಿಷ್ಯ. ದೊರೆಗೆ ಮೂವರು ತಮ್ಮಂದಿರು, ಸೇರಿದರೆ ನಾಲ್ವರು. ಚಂದ್ರರೂ ನಾಲ್ಕು! ‘ಮೆಡಿಚಿ ನಕ್ಷತ್ರಗಳು’ ಎಂದು ಹೆಸರಿಟ್ಟು ಮಾರ್ಚ್‌ನಲ್ಲಿ ಪುಸ್ತಕ ತಂದ. ಅದೇ ವರ್ಷ ಆಸ್ಥಾನದಲ್ಲಿ ಕೆಲಸ ಸಿಕ್ಕಿತು. ತಪ್ಪು ಅನ್ನಲು ನಮಗೆ ಮನಸ್ಸಿಲ್ಲ, ಹೊಟ್ಟೆಪಾಡು.

1614ರಲ್ಲಿ ಜರ್ಮನಿಯ ಸೈಮನ್ ಮಾರಿಯಸ್, ತಾನು 1609ರ ಡಿಸೆಂಬರ್ 29ರಿಂದಲೇ ಇವನ್ನು ನೋಡಿ ಬರೆದಿಟ್ಟಿದ್ದೇನೆ ಎಂದ. ಅವನು ಅನುಸರಿಸುತ್ತಿದ್ದುದು ಹಳೆಯ ಕ್ಯಾಲೆಂಡರ್. ಇಟಲಿಯ ಲೆಕ್ಕದಲ್ಲಿ ಆ ದಿನ ಜನವರಿ 8. ಒಂದೇ ದಿನ ಹಿಂದೆ! ಗೆಲಿಲಿಯೋ 1623ರಲ್ಲಿ ಅವನ ಮೇಲೆ ಕಳ್ಳತನದ ಆರೋಪ ಹೊರಿಸಿದ. ಪಾಪ, ಮಾರಿಯಸ್ ಸ್ವಂತವಾಗಿಯೇ ನೋಡಿದ್ದ ಎಂದು ವಿದ್ವಾಂಸರು ಒಪ್ಪಿದ್ದು 20ನೇ ಶತಮಾನದಲ್ಲಿ.

ಆದರೆ ಇವತ್ತು ಉಳಿದಿರುವುದು ಮಾರಿಯಸ್ ಬರೆದ ಹೆಸರುಗಳೇ. ಜಾತ್ರೆಯೊಂದರಲ್ಲಿ ಸಿಕ್ಕಾಗ ಖಗೋಳಜ್ಞ ಕೆಪ್ಲರ್ ಕೊಟ್ಟ ಸಲಹೆಯಂತೆ. ಯುರೋಪಿನವರು ಗುರು ಗ್ರಹವನ್ನು ಕರೆಯುವುದು ಜುಪಿಟರ್ ಎಂದು. ಗ್ರೀಕರ ಕಥೆಯಲ್ಲಿ ಆ ದೇವರು ಜ್ಯೂಸ್. ಅವನ ಕಣ್ಣಿಗೆ ಬಿದ್ದ ನಾಲ್ವರ ಹೆಸರು ಈ ಚಂದ್ರರಿಗೆ ಬಂತು. ಅಯೋ ಹಸುವಾಗಿ, ನೊಣ ಕಚ್ಚಿಸಿಕೊಳ್ಳುತ್ತ ದೇಶ ದೇಶ ಅಲೆದಳು. ಯುರೋಪಾಳನ್ನು ಜ್ಯೂಸ್ ಹೋರಿಯ ವೇಷದಲ್ಲಿ ಹೊತ್ತೊಯ್ದ. ಹುಡುಗ ಗ್ಯಾನಿಮೀಡ್‌ನನ್ನು ಹದ್ದು ಎತ್ತಿಕೊಂಡು ಹೋಯಿತು. ಕ್ಯಾಲಿಸ್ಟೊ ಕರಡಿಯಾದಳು. ಮಾರಿಯಸ್ ಇವರನ್ನು ಪ್ರೇಮಪಾತ್ರರು ಎಂದ. ನಮಗೆ ಹಾಗೆ ಅನ್ನಿಸುವುದಿಲ್ಲ, ದೊಡ್ಡವನ ಕೈಗೆ ಸಿಕ್ಕಿ ನೊಂದವರು ಇವರು.

ಎರಡು ಶತಮಾನಕ್ಕೂ ಹೆಚ್ಚು ಕಾಲ ಖಗೋಳಜ್ಞರು ಒಂದು, ಎರಡು, ಮೂರು, ನಾಲ್ಕು ಎಂದೇ ಎಣಿಸಿದರು. ಈ ಹೆಸರುಗಳು ಗಟ್ಟಿಯಾಗಿ ನಿಂತದ್ದು 20ನೇ ಶತಮಾನದಲ್ಲಿ. ದೊರೆಯ ಹೆಸರು ಅಷ್ಟರಲ್ಲಿ ಅಳಿಸಿಹೋಗಿತ್ತು.

ಕರಡಿಯಾದ ಕ್ಯಾಲಿಸ್ಟೊಗೆ ಆಕಾಶದಲ್ಲಿ ಇನ್ನೊಂದು ಜಾಗವೂ ಇದೆ. ಗ್ರೀಕರ ದೊಡ್ಡ ಕರಡಿ ನಕ್ಷತ್ರಪುಂಜ ಅವಳೇ. ಅದರ ಏಳು ಚುಕ್ಕಿಗಳನ್ನೇ ನಾವು ಸಪ್ತರ್ಷಿ ಮಂಡಲ ಅನ್ನುತ್ತೇವೆ. ಸವತಿ ಮತ್ಸರದ ದೇವಿ, ಅವಳು ಸಮುದ್ರದಲ್ಲಿ ಮೀಯದಂತೆ ಮಾಡಿದಳಂತೆ. ಗ್ರೀಸ್‌ನಲ್ಲಿ ಆ ಕಾಲಕ್ಕೆ ಆ ಏಳು ಚುಕ್ಕಿಗಳು ಮುಳುಗುತ್ತಲೇ ಇರಲಿಲ್ಲ. ನಮ್ಮ ಕರ್ನಾಟಕದ ಆಕಾಶದಲ್ಲಿ ಮಾತ್ರ ಅವು ದಿನವೂ ಮುಳುಗಿ ಏಳುತ್ತವೆ.