ಹಿಸ್ಟೋಗ್ರಾಂ

ಕ್ಯಾಮೆರಾ ಪರದೆಯ ಮೂಲೆಯಲ್ಲಿ ಗುಡ್ಡದ ಸಾಲಿನಂತೆ ಮೂಡುವ ನಕ್ಷೆಗೆ ಈ ಹೆಸರು. ಗ್ರೀಕ್‌ನ ‘ಹಿಸ್ಟೋಸ್’ ಎಂದರೆ ನೆಟ್ಟಗೆ ನಿಂತ ಕಂಬ, ಹಡಗಿನ ಪಟಸ್ತಂಭ. ‘ಗ್ರಾಮಾ’ ಎಂದರೆ ಬರೆದದ್ದು. ಇದು ನಿಘಂಟುಗಳು ಸಾಮಾನ್ಯವಾಗಿ ಕೊಡುವ ವಿವರಣೆ. ಪದವನ್ನು ಬಳಕೆಗೆ ತಂದವರು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್. ಉಪನ್ಯಾಸಗಳಲ್ಲಿ ಬಳಸುತ್ತಿದ್ದ ಪದ 1895ರ ಅವರ ಪ್ರಬಂಧದಲ್ಲಿ ಅಚ್ಚಾಯಿತು.

ಫೋಟೊದಲ್ಲಿ ಎಣಿಕೆಗೆ ಸಿಗುವುದು ಬೆಳಕು. ಎಡತುದಿ 0, ಅಂದರೆ ಕಡುಗಪ್ಪು; ಬಲತುದಿ 255, ಅಪ್ಪಟ ಬಿಳಿ. ಯಾವ ಮಟ್ಟದಲ್ಲಿ ಹೆಚ್ಚು ಪಿಕ್ಸೆಲ್‌ಗಳಿವೆಯೋ ಅಲ್ಲಿ ಗೆರೆ ಎತ್ತರ.

ವಿಜಯನಗರದ ಮೆಟ್ರೋ ಹಳಿಯ ಕೆಳಗೆ ಮಟಮಟ ಮಧ್ಯಾಹ್ನ ನಿಂತು ಚಿತ್ರ ತೆಗೆದು ನೋಡಿ. ಕಾಂಕ್ರೀಟ್ ಕಂಬಗಳ ನೆರಳು ಎಡಕ್ಕೆ ಒಂದು ಗುಡ್ಡ, ಬಿಸಿಲಿಗೆ ಬೆಳ್ಳಗಾದ ಆಕಾಶ ಬಲಕ್ಕೆ ಇನ್ನೊಂದು, ನಡುವೆ ತಗ್ಗು. ಗುಡ್ಡ ನಡುವಿನಲ್ಲೇ ಇರಬೇಕೆಂದು ಹೇಳಿಕೊಡುವವರಿದ್ದಾರೆ. ಆ ಮಾತು ತಪ್ಪು. ಕೆಂಗೇರಿಯ ರಾತ್ರಿರಸ್ತೆಯ ಚಿತ್ರ ಎಡಕ್ಕೇ ವಾಲಬೇಕು, ಬಿಳಿ ಬಟ್ಟೆಯ ಮೇಲೆ ಸುರಿದ ಮಲ್ಲಿಗೆ ಬಲಕ್ಕೇ. ನೋಡಬೇಕಾದ್ದು ಬಲಗೋಡೆಗೆ ಎಷ್ಟು ಗೆರೆ ಒತ್ತಿ ನಿಂತಿದೆ ಎಂಬುದನ್ನು. ಜೆಪೆಗ್ ಚಿತ್ರದಲ್ಲಿ ಅಲ್ಲಿ ಕಳೆದುಹೋದ ವಿವರ ಮತ್ತೆ ಸಿಗದು.

ಬಿಸಿಲಲ್ಲಿಟ್ಟ ಕನಕಾಂಬರದ ಕುಕ್ಕೆ ಇನ್ನೂ ಕಷ್ಟ. ಒಟ್ಟು ಬೆಳಕಿನ ನಕ್ಷೆ ಸರಿಯಾಗಿ ಕಂಡರೂ ಕೆಂಪಿನದು ಮಾತ್ರ ಗೋಡೆಗೆ ಬಡಿದು, ಎಸಳುಗಳ ಗೆರೆಗಳೆಲ್ಲ ಅಳಿಸಿ ಹೂವು ಬಣ್ಣದ ಮುದ್ದೆಯಾಗಿರುತ್ತದೆ. ಅದಕ್ಕೇ ಕೆಂಪು, ಹಸಿರು, ನೀಲಿಯ ನಕ್ಷೆಗಳನ್ನು ಬೇರೆಬೇರೆಯಾಗಿ ತೋರಿಸುವ ಆಯ್ಕೆ ತೆರೆದಿಟ್ಟುಕೊಳ್ಳಿ; ಕೆಂಪು ಅಂಚು ಮುಟ್ಟಿದರೆ ಎಕ್ಸ್‌ಪೋಷರ್ ತುಸು ತಗ್ಗಿಸಿ ಇನ್ನೊಮ್ಮೆ ತೆಗೆಯಿರಿ.