ಕಡಲಿಗಿಳಿಯುವ ಮುನ್ನ: ನೀರಿನ ಸೆಳೆತವನ್ನು ಅಂದಾಜಿಸುವ ಬಗೆ

ಪುಣೆಯ ನಮ್ಮ ಕನ್ನಡ ಕುಟುಂಬಗಳು ರಜೆಯಲ್ಲಿ ದೋಣಿ ವಿಹಾರಕ್ಕೆಂದು ಮಾಲವಣ, ತಾರಕರ್ಲಿಗಳಿಗೂ, ಸ್ಕೂಬಾ ಡೈವಿಂಗ್‌ಗೆಂದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೂ ಹೋಗುವುದುಂಟು. ಮೇಲ್ನೋಟಕ್ಕೆ ಶಾಂತವಾದ ನೀರಿನಲ್ಲಿಯೂ ಸೆಳೆತ ಬಲವಾಗಿರಬಹುದು. ಅದನ್ನು ಮುಂಚಿತವಾಗಿ ಅಂದಾಜಿಸಲು ಮೂರು ಸಂಗತಿಗಳನ್ನು ಗಮನಿಸಬೇಕು.

ತಿಥಿ: ಅಮಾವಾಸ್ಯೆ, ಹುಣ್ಣಿಮೆಗಳಲ್ಲಿಯೂ ಅನಂತರದ ಒಂದೆರಡು ದಿನಗಳಲ್ಲಿಯೂ ಉಬ್ಬರ-ಇಳಿತಗಳ ಅಂತರ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಅಂತರ ಹೆಚ್ಚಿದಂತೆ ಹರಿವಿನ ರಭಸವೂ ಹೆಚ್ಚುತ್ತದೆ. ದೊಡ್ಡ ಉಬ್ಬರದ ದಿನಗಳಲ್ಲಿ ಈ ಅಂತರವು ಮುಂಬಯಿಯಲ್ಲಿ 4 ಮೀಟರನ್ನು ದಾಟುತ್ತದೆ. ಕಾರವಾರದಲ್ಲಿ ಸುಮಾರು 2 ಮೀಟರ್.

ಹೊತ್ತು: ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ಇದರಲ್ಲಿ 3 ಮತ್ತು 4ನೆಯ ಗಂಟೆಗಳಲ್ಲಿಯೇ ಅರ್ಧದಷ್ಟು ನೀರು ಇಳಿಯುವುದರಿಂದ ಸೆಳೆತವು ಸಾಮಾನ್ಯವಾಗಿ ಆಗ ಪ್ರಬಲ. ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುವಂಥ ಅಳಿವೆಗಳಲ್ಲಿ ಇಳಿತದೊಂದಿಗೆ ನದಿಯ ಹರಿವೂ ಕೂಡಿಕೊಳ್ಳುತ್ತದೆ. ಬಂದರುಗಳ ಉಬ್ಬರ-ಇಳಿತದ ಕೋಷ್ಟಕಗಳನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುತ್ತದೆ. ಸಮಯವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ಹಿಂದಿನ ವಾರದ ಅನುಭವವನ್ನು ನಂಬಲಾಗದು.

ಗಾಳಿ ಮತ್ತು ಋತು: ದಂಡೆಯಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯಂಥ ಕಡೆ ಉಬ್ಬರ-ಇಳಿತವೊಂದೇ ಸಾಲದು. ಪಶ್ಚಿಮ ಕರಾವಳಿಯ ಪ್ರವಾಹವು ಮುಂಗಾರಿನಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುತ್ತದೆ. ಗಾಳಿಯೂ ಮೇಲ್ನೀರನ್ನು ತಳ್ಳುತ್ತದೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಇನ್‌ಕಾಯಿಸ್ ಸಂಸ್ಥೆಯು ಅಲೆಯ ಎತ್ತರ, ಗಾಳಿ ಹಾಗೂ ಮೇಲ್ನೀರಿನ ಪ್ರವಾಹಗಳ ಮುನ್ಸೂಚನೆ ನೀಡುತ್ತದೆ. ಪ್ರವಾಹದ ವೇಗವು 1 ನಾಟ್, ಅಂದರೆ ಗಂಟೆಗೆ 1.85 ಕಿ.ಮೀ. ಇದ್ದರೂ ಅದಕ್ಕೆ ಎದುರಾಗಿ ಬಹಳ ಹೊತ್ತು ಈಜುವುದು ಹೊಸಬರಿಗೆ ಅಸಾಧ್ಯವೆನ್ನಬಹುದು.

ಆದರೆ ಲೆಕ್ಕವೇ ಅಭಯವಲ್ಲ. 2016ರ ಫೆಬ್ರವರಿ 1ರಂದು ರಾಯಗಡ ಜಿಲ್ಲೆಯ ಮುರುಡ ಕಡಲತೀರದಲ್ಲಿ ಪುಣೆಯ ಕಾಲೇಜೊಂದರ 14 ವಿದ್ಯಾರ್ಥಿಗಳು ನೀರುಪಾಲಾದರು. ಅಂದು ಆಕಾಶದಲ್ಲಿದ್ದುದು ಕೃಷ್ಣಪಕ್ಷದ ಅರ್ಧಚಂದ್ರ. ತಿಥಿಯ ಲೆಕ್ಕದಲ್ಲಿ ಸಣ್ಣ ಉಬ್ಬರದ ದಿನ. ಆದುದರಿಂದ ಕೋಷ್ಟಕ, ಮುನ್ಸೂಚನೆಗಳನ್ನು ನೋಡಿದ ಮೇಲೂ ಸ್ಥಳೀಯ ಮೀನುಗಾರರನ್ನು ವಿಚಾರಿಸಬೇಕು. ಅವರು ಬೇಡವೆಂದರೆ ಇಳಿಯಬಾರದು. ದೋಣಿಯಲ್ಲಿ ಮಕ್ಕಳಾದಿಯಾಗಿ ಎಲ್ಲರೂ ಲೈಫ್ ಜಾಕೆಟ್ ಧರಿಸಬೇಕು. ದಂಡೆಯ ಬಳಿ ಸೆಳೆತಕ್ಕೆ ಸಿಲುಕಿದರೆ ಅದಕ್ಕೆ ಎದುರಾಗಿ ಈಜದೆ, ದಂಡೆಗೆ ಸಮಾನಾಂತರವಾಗಿ ಸಾಗಿ ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು.