ತಾಯಿವಂಶದ ಲೆಕ್ಕ: ದಾನಿ ಹಸುಗಳ ಭ್ರೂಣೋತ್ಪಾದನೆ ಮತ್ತು ತಳಿ ಹೋಲಿಕೆಯ ಚರಿತ್ರೆ

ಜಾನುವಾರು ಸಾಕಣೆಯ ಚರಿತ್ರೆಯಲ್ಲಿ ತಳಿಯೊಂದರ ಯೋಗ್ಯತೆಯನ್ನು ನಿರ್ಧರಿಸುವ ಅಳತೆಗೋಲುಗಳು ಕಾಲಕಾಲಕ್ಕೆ ಬದಲಾಗಿವೆ. ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಗಳಲ್ಲಿ ರೈತರು ಹಲ್ಲು, ಸುಳಿ, ಕೊಂಬು, ನಡಿಗೆಗಳನ್ನು ನೋಡಿ ರಾಸುಗಳಿಗೆ ಬೆಲೆ ಕಟ್ಟುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದ ಹೈನುಗಾರಿಕೆ ಹಾಲಿನ ಪ್ರಮಾಣವನ್ನು ಪ್ರಧಾನ ಅಳತೆಯಾಗಿಸಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಮತ್ತೊಂದು ಸಂಖ್ಯೆ ಇವುಗಳ ಜೊತೆಗೆ ಸೇರಿತು. ಅದು ಒಂದು ದಾನಿ ಹಸುವಿನಿಂದ ಒಂದು ಸಲಕ್ಕೆ ದೊರೆಯುವ ಭ್ರೂಣಗಳ ಸಂಖ್ಯೆ. ಈ ಸಂಖ್ಯೆ ತಳಿಗಳ ಬಗ್ಗೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆ ಮನುಷ್ಯರನ್ನು ಕುರಿತದ್ದಾದರೂ ಅದರ ತಿಳಿವಳಿಕೆ ಕೊಟ್ಟಿಗೆಗೂ ಸಲ್ಲುತ್ತದೆ. ಆದರೆ ತಾಯಿವಂಶದ ಗುಣವನ್ನು ಹರಡುವ ದಾರಿ ಬಹುಕಾಲ ಕಿರಿದಾಗಿಯೇ ಇತ್ತು. ಹೋರಿಯೊಂದು ನೂರಾರು ಕರುಗಳಿಗೆ ತಂದೆಯಾಗಬಲ್ಲದು. ಹಸುವಿಗೆ ಸಾಮಾನ್ಯವಾಗಿ ಸೂಲಿಗೊಂದೇ ಕರು. ಕೃತಕ ಗರ್ಭಧಾರಣೆ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. ಭಾರತದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಹೈನುಶಾಲೆಯಲ್ಲಿ. ಅಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ವೀರ್ಯವನ್ನು ಬಳಸಿದರು. ತಂದೆವಂಶವು ಹೀಗೆ ಖಂಡಾಂತರವನ್ನು ದಾಟಿದಾಗಲೂ ತಾಯಿವಂಶ ಕೊಟ್ಟಿಗೆಯಲ್ಲಿಯೇ ಉಳಿದಿತ್ತು.

ಈ ಮಿತಿಯನ್ನು ಸಡಿಲಿಸಿದ್ದು ಭ್ರೂಣ ವರ್ಗಾವಣೆ. 1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಮೊಲಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ಈ ವಿಧಾನದಿಂದ ಹುಟ್ಟಿದ ಮೊದಲ ಕರುವಿನ ವರದಿ 1951ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಪ್ರಕಟವಾಯಿತು. 1981ರಲ್ಲಿ ಪ್ರನಾಳ ಫಲೀಕರಣದ ಮೊದಲ ಕರು ಹುಟ್ಟಿತು. 1988ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಲ್ಟ್ರಾಸೌಂಡ್ ನೆರವಿನಿಂದ ಜೀವಂತ ಹಸುವಿನ ಅಂಡಾಶಯದಿಂದ ಅಂಡಾಣುಗಳನ್ನು ಸೂಜಿಯ ಮೂಲಕ ಹೀರಿ ತೆಗೆಯುವ ಕ್ರಮವನ್ನು ವರದಿ ಮಾಡಿದರು. ಭಾರತದಲ್ಲಿ ಭ್ರೂಣ ವರ್ಗಾವಣೆಯ ರಾಷ್ಟ್ರೀಯ ಯೋಜನೆ 1987ರಲ್ಲಿ ಆರಂಭವಾಯಿತು. 1990ರಲ್ಲಿ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ಪ್ರನಾಳ ಫಲೀಕರಣದಿಂದ ಎಮ್ಮೆಯ ಕರುವೊಂದು ಜನಿಸಿತು.

ತಳಿಗಳ ನಡುವಿನ ಹೋಲಿಕೆಗೆ ವಿಪುಲವಾದ ಆಧಾರ ದೊರೆತದ್ದು ಬ್ರೆಜಿಲ್‌ನಲ್ಲಿ. ಹತ್ತೊಂಬತ್ತನೆಯ ಶತಮಾನದಿಂದ 1960ರ ದಶಕದ ಆರಂಭದವರೆಗೆ ಹಲವು ಕಂತುಗಳಲ್ಲಿ ಭಾರತದ ಹಿಣಿಲಿನ ದನಗಳು ಆ ದೇಶವನ್ನು ಸೇರಿದ್ದವು. ಒಂಗೋಲ್ ತಳಿ ನೆಲ್ಲೂರಿನ ಹೆಸರು ಹೊತ್ತು ಅಲ್ಲಿ ‘ನೆಲೋರೆ’ಯಾಯಿತು. ಕಾಂಕ್ರೇಜ್ ತಳಿ ಗುಜರಾತಿನ ಹೆಸರಿನಿಂದ ‘ಗುಝೆರಾ’ ಎನಿಸಿತು. ಗಿರ್ ಮಾತ್ರ ತನ್ನ ಹೆಸರನ್ನು ಉಳಿಸಿಕೊಂಡಿತು. ಗಿರ್ ಹಸುಗಳನ್ನು ಯುರೋಪಿನ ಹೋಲ್‌ಸ್ಟೀನ್‌ನೊಡನೆ ಬೆರೆಸಿದ ಸಂಕರ ರಾಸುಗಳೂ ಅಲ್ಲಿ ಬಳಕೆಗೆ ಬಂದವು. ಹೀಗೆ ಶುದ್ಧ ತಳಿಗಳೂ ಮಿಶ್ರತಳಿಗಳೂ ಒಂದೇ ವಿಧಾನಕ್ಕೆ ಒಳಪಡುವ ಸಂದರ್ಭ ಒದಗಿತು.

ಪಾಂಟೆಸ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವು 5400ಕ್ಕೂ ಹೆಚ್ಚು ಅಂಡಾಣು ಸಂಗ್ರಹಗಳನ್ನು ಆಧರಿಸಿದೆ. ಅದರ ಪ್ರಕಾರ ಒಂದು ಸಂಗ್ರಹಕ್ಕೆ ಹೋಲ್‌ಸ್ಟೀನ್ ಹಸುವಿನಿಂದ ಸರಾಸರಿ 11.4, ಗಿರ್ ಹಸುವಿನಿಂದ 17.1, ಕಾಲುಭಾಗ ಹೋಲ್‌ಸ್ಟೀನ್ ರಕ್ತವುಳ್ಳ ಹಸುವಿನಿಂದ 20.4, ಅರ್ಧಭಾಗವುಳ್ಳದ್ದರಿಂದ 31.4 ಅಂಡಾಣುಗಳು ದೊರೆತವು. ಅವುಗಳಿಂದ ಬೆಳೆದ ಭ್ರೂಣಗಳು ಕ್ರಮವಾಗಿ 2.1, 3.2, 3.9 ಮತ್ತು 5.5.

ಮೇಲ್ನೋಟಕ್ಕೆ ಇದು ತಳಿಗಳ ಶ್ರೇಣಿಯಂತೆ ಕಾಣುತ್ತದೆ. ಆದರೆ ಎರಡು ಸಾಲುಗಳನ್ನು ಒಂದರೊಡನೊಂದು ಭಾಗಿಸಿದರೆ ಬೇರೆಯೇ ಸಂಗತಿ ಹೊರಬೀಳುತ್ತದೆ. ಅಂಡಾಣುಗಳಲ್ಲಿ ಭ್ರೂಣವಾಗಿ ಬೆಳೆದವುಗಳ ಪಾಲು ನಾಲ್ಕೂ ಗುಂಪುಗಳಲ್ಲಿ ಶೇಕಡ 17.5ರಿಂದ 19.1ರ ನಡುವೆಯೇ ಇದೆ. ಅಂದರೆ ವ್ಯತ್ಯಾಸವಿರುವುದು ಮುಖ್ಯವಾಗಿ ದೊರೆತ ಅಂಡಾಣುಗಳ ಎಣಿಕೆಯಲ್ಲಿ; ಅವು ಭ್ರೂಣವಾಗಿ ಬೆಳೆಯುವ ಪ್ರಮಾಣದಲ್ಲಲ್ಲ. ಹಿಣಿಲಿನ ದನಗಳ ಅಂಡಾಶಯದಲ್ಲಿ ಒಂದೊಂದು ಅಲೆಗೂ ಬೆಳೆಯತೊಡಗುವ ಅಂಡಕೋಶಗಳು ಹೆಚ್ಚು. ಆದುದರಿಂದ ಸೂಜಿಗೆ ದೊರೆಯುವ ಅಂಡಾಣುಗಳೂ ಹೆಚ್ಚು. ಇದು ಆ ದನಗಳ ಶರೀರಧರ್ಮವೇ ಹೊರತು ಹಿರಿಮೆ–ಕೀಳರಿಮೆಗಳ ಪ್ರಮಾಣವಲ್ಲ. ಅಲ್ಲದೆ ಗಿರ್ ಹಸುಗಳಲ್ಲಿ 3778 ಸಂಗ್ರಹಗಳು ನಡೆದಿದ್ದರೆ ಅರ್ಧಮಿಶ್ರ ಹಸುಗಳಲ್ಲಿ ನಡೆದವು 222 ಮಾತ್ರ. ಹೀಗಾಗಿ ಆ ಎರಡು ಸರಾಸರಿಗಳ ಆಧಾರವೂ ಸಮನಲ್ಲ.

ಭ್ರೂಣದ ಲೆಕ್ಕದಲ್ಲಿ ಮರೆಯಾಗುವ ಮತ್ತೊಂದು ಜೀವವಿದೆ. ಅದು ಭ್ರೂಣವನ್ನು ಹೊತ್ತು ಹೆರುವ ಹಸು. ಇದೇ ಅಧ್ಯಯನದಲ್ಲಿ ವರ್ಗಾಯಿಸಿದ ಭ್ರೂಣಗಳು ಗರ್ಭ ನಿಂತ ಪ್ರಮಾಣ ಎಲ್ಲ ಗುಂಪುಗಳಲ್ಲೂ ಶೇಕಡ 36ರಿಂದ 40ರ ಒಳಗಿತ್ತು. ದಾನಿಯ ತಳಿ ಯಾವುದೇ ಆಗಿರಲಿ, ಅರ್ಧಕ್ಕಿಂತ ಹೆಚ್ಚು ಭ್ರೂಣಗಳು ಈ ಹಂತದಲ್ಲಿಯೇ ನಷ್ಟವಾದವು. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಳಿಗೆ ಮರಳುವ ಮುನ್ನ ತನ್ನ ಕರುವನ್ನು ಒಪ್ಪಿಸುವುದು ಮಂದೆಯ ಇತರ ಹಸುಗಳಿಗೆ. ಹೆತ್ತವಳಷ್ಟೇ ಪೊರೆಯುವವಳೂ ತಾಯಿ ಎಂಬ ಆ ಜನಪದ ನಿಲುವು ಪ್ರಯೋಗಾಲಯದ ಕೋಷ್ಟಕಕ್ಕೂ ಒಂದು ತಿದ್ದುಪಡಿಯಂತಿದೆ.

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ. ಹಳ್ಳಿಕಾರ್, ಅಮೃತಮಹಲ್ ತಳಿಗಳು ರೂಪುಗೊಂಡದ್ದು ಉಳುಮೆಗೆ, ಸಾಗಾಟಕ್ಕೆ, ದಂಡಿನ ಸೇವೆಗೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಇಂತಹ ತಳಿಗಳನ್ನು ಉಳಿಸಲು ಭ್ರೂಣ ತಂತ್ರ ನೆರವಾಗಬಲ್ಲದು. ಆದರೆ ಹೆಚ್ಚು ಭ್ರೂಣ ಕೊಡುವ ಕೆಲವೇ ಹಸುಗಳನ್ನು ಮತ್ತೆ ಮತ್ತೆ ದಾನಿಗಳನ್ನಾಗಿ ಆರಿಸಿದರೆ ಮುಂದಿನ ಪೀಳಿಗೆಯ ಬಹುಪಾಲು ಕರುಗಳು ಬೆರಳೆಣಿಕೆಯ ತಾಯಂದಿರಿಗೆ ಸೇರಿದವಾಗುತ್ತವೆ. ರಾಸುಗಳ ಸಂಖ್ಯೆ ಹೆಚ್ಚಿದರೂ ವಂಶಗಳ ಸಂಖ್ಯೆ ಕುಗ್ಗುತ್ತದೆ.

ಆದುದರಿಂದ ದಾನಿ ಹಸುಗಳ ಹೋಲಿಕೆಯಲ್ಲಿ ಎಷ್ಟು ಭ್ರೂಣಗಳು ಎಂಬ ಪ್ರಶ್ನೆಯ ಜೊತೆಗೆ ಎಷ್ಟು ತಾಯಂದಿರಿಂದ, ಯಾವ ಗುಣಕ್ಕಾಗಿ ಎಂಬ ಪ್ರಶ್ನೆಗಳೂ ಸೇರಬೇಕಾಗುತ್ತದೆ. ಗೋವಿನ ಹಾಡಿನ ಗೊಲ್ಲನು ಪ್ರತಿ ಹಸುವನ್ನೂ ಅದರದೇ ಹೆಸರಿನಿಂದ ಕರೆಯುತ್ತಾನೆ. ಮಂದೆಯನ್ನು ಸರಾಸರಿಯಾಗಿ ನೋಡದೆ ಒಂದೊಂದು ಹಸುವಾಗಿ ಗುರುತಿಸುವ ಆ ಕ್ರಮವು ತಳಿ ಸಂರಕ್ಷಣೆಯ ವಿಜ್ಞಾನಕ್ಕೂ ಇಂದು ಅಗತ್ಯವಾಗಿದೆ.